ಮೂರು ಸ್ಟೆಬಿಲೈಸರ್, ಒಂದು ಫ್ರಿಜ್

ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಟ್ರಾನ್ಸ್‌ಫಾರ್ಮರ್ ಪಾಠ ಹೇಳಿದ ಪಾಪಕ್ಕೋ ಏನೋ, ಯಾವ ಮನೆಗೆ ಬಾಡಿಗೆಗೆ ಹೋದರೂ ಕರೆಂಟು ನನಗೇ ಪರೀಕ್ಷೆ ಇಡುತ್ತದೆ. ಹುಟ್ಟಿದ್ದು ಬೀದರ್ ಕಡೆ; ಕೆಲಸಕ್ಕೆಂದು ಬಂದವಳು ದೇವನಹಳ್ಳಿ ಪಕ್ಕದ ವಿಜಯಪುರದಲ್ಲೇ ಉಳಿದುಬಿಟ್ಟೆ. ಹೋದ ಬೇಸಿಗೆಯಲ್ಲಿ ಈ ಮಹಡಿ ಮನೆಗೆ ಬಂದ ವಾರವೇ ಫ್ರಿಜ್ ಮುಷ್ಕರ ಹೂಡಿತು. ಒಳಗಿದ್ದದ್ದು ನನ್ನ ಇನ್ಸುಲಿನ್. ಅದು ಕೆಟ್ಟರೆ ನಾನೂ ಕೆಟ್ಟೆ.

ಪಕ್ಕದ ಮನೆ ಮಿಷನ್

“ಪಕ್ಕದ್ಮನೇಲಿ ರೇಷ್ಮೆ ನೂಲು ಹುರಿ ಮಾಡೋ ಮಿಷನ್ ಐತಲ್ಲ ಟೀಚರಮ್ಮ, ಅದೇ ಕರೆಂಟೆಲ್ಲ ಎಳ್ಕೊಳ್ಳೋದು” ಎಂದರು ಕೆಳಗಿನ ಮನೆಯ ಮಾಲೀಕರು.

ಜಗಳಕ್ಕೇ ಹೋದೆ. ಮಿಷನ್ ಸ್ವಲ್ಪ ಹೊತ್ತಾದರೂ ನಿಲ್ಲಿಸಿ ಎಂದು ಹತ್ತು ನಿಮಿಷ ಭಾಷಣ ಬಿಗಿದೆ. ಆ ಮನೆಯಾಕೆ ಪೂರ್ತಿ ಕೇಳಿಸಿಕೊಂಡು, “ನಿಲ್ಸಿ ನಾಕು ದಿನ ಆಯ್ತಕ್ಕಾ, ಕೆಲಸದೋರೆಲ್ಲ ಮದುವೆಗೆ ಹೋಗವ್ರೆ. ಕಾಫಿಗೆ ಸಕ್ಕರೆ ಎಷ್ಟು ಹಾಕ್ಲಿ?” ಎಂದಳು.

ಜಗಳ ಬಿಡಿಸುವ ಪೆಟ್ಟಿಗೆ

ಎಲೆಕ್ಟ್ರಿಷಿಯನ್ ಬಂದ. ವೋಲ್ಟೇಜ್ ತೀರಾ ಕಡಿಮೆ; ಅದನ್ನು ಏರಿಸಲೆಂದು ಫ್ರಿಜ್‌ಗೆ ಆಗಲೇ ಹಾಕಿದ್ದ ಸ್ಟೆಬಿಲೈಸರ್ ಸೋತಿತ್ತು. “ಒಂದು ಸ್ಟೆಬಿಲೈಸರ್ ಸಾಲಲ್ಲ, ಅದರ ಹಿಂದೆ ಇನ್ನೊಂದು ಕೊಡಾಣ.”

“ಒಂದರ ಹಿಂದೊಂದು ಇಟ್ರೆ ಏರಿಕೆ ಕೂಡಲ್ಲಪ್ಪಾ, ಗುಣಾಕಾರ ಆಗ್ತದ!”

“ಇನ್ನೂ ಒಳ್ಳೇದಾಯ್ತಲ್ಲ!”

ಮೊದಲನೆಯದು ಏರಿಸಿತು. ಎರಡನೆಯದು ಅದನ್ನೂ ಏರಿಸಿ, ಹೆಚ್ಚಾಯಿತೆಂದು ತಾನೇ ಹೆದರಿ ಬಂದ್ ಆಯಿತು. ಮತ್ತೆ ಶುರು, ಮತ್ತೆ ಬಂದ್. ದಿನವಿಡೀ ಟಕ್, ಟಕ್. “ಇವೆರಡರ ಜಗಳ ಬಿಡ್ಸೋಕೆ ಮೂರನೇದು ಬೇಕು” ಎಂದು ಅದನ್ನೂ ತಂದು ಕೂರಿಸಿದ. ಮೂರೂ ಕಾದು ಕೆಂಡವಾದವು. ಇನ್ಸುಲಿನ್ ಒದ್ದೆ ಮರಳಿನ ಮಡಕೆ ಸೇರಿತು. ಇಡೀ ಮನೆಯಲ್ಲಿ ತಣ್ಣಗಿದ್ದವನು ಎಲೆಕ್ಟ್ರಿಷಿಯನ್ ಒಬ್ಬನೇ.

ಮೆಟ್ಟಿಲ ಕೆಳಗಿನ ದೇವರು

ಕೊನೆಗೆ ಲೈನ್‌ಮನ್‌ರನ್ನು ಕರೆಸಿದೆ. ಮೀಟರಿನ ಹತ್ತಿರ ಇನ್ನೂರ ಮೂವತ್ತು ವೋಲ್ಟ್, ನನ್ನ ಗೋಡೆಯಲ್ಲಿ ನೂರೈವತ್ತು! ತಂತಿ ಹಿಡಿದು ಹುಡುಕಿದರೆ, ನಡುವೆ ಮೆಟ್ಟಿಲ ಕೆಳಗೆ ಕಬ್ಬಿಣದ ಡಬ್ಬ. ಮೈತುಂಬ ಅರಿಶಿನ ಕುಂಕುಮ, ಒಣಗಿದ ಸೇವಂತಿಗೆ. ತೆರೆದರೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್. ಹಿಂದೆ ಕರೆಂಟು ಹೆಚ್ಚು ಬಂದು ಬಲ್ಬುಗಳು ಸುಡುತ್ತಿದ್ದಾಗ ಮಾಲೀಕರ ತಂದೆ ಮಹಡಿಯ ಲೈನಿಗೆ ಹಾಕಿಸಿದ್ದೆಂದು ಲೈನ್‌ಮನ್ ನೆನಪಿಸಿಕೊಂಡರು. ಕೆಳಗೆ ಅದು ಇಳಿಸುತ್ತಿತ್ತು, ಮೇಲೆ ನಾವು ಮೂರಿಟ್ಟು ಏರಿಸುತ್ತಿದ್ದೆವು.

“ಏನ್ರೀ, ಇದೇನಂತ ಗೊತ್ತಿರಲಿಲ್ಲೇನು?” ಎಂದು ಮಾಲೀಕರನ್ನು ಕೇಳಿದೆ.

“ಆಯುಧಪೂಜೇಲಿ ಅಪ್ಪ ಹೂವ ಇಡ್ತಿದ್ರು, ನಾವೂ ಇಡ್ತೀವಿ. ಏನು ಅಂತ ಕೇಳಕ್ಕೆ ಹೋಗಿಲ್ಲ.”

“ಈಗ ತೆಗೆಸ್ರೀ.”

“ಅಯ್ಯೋ, ಇಷ್ಟು ವರ್ಷ ಪೂಜೆ ಮಾಡಿರೋದು! ಹೆಂಗ್ ತೆಗಿಯೋದು?”

ಎಲೆಕ್ಟ್ರಿಷಿಯನ್ ಪರಿಹಾರ ಹೇಳಿದ: “ಅದು ಅಲ್ಲೇ ಇರ್ಲಿ ಬಿಡಿ. ಅದು ಇಳಿಸಿದ್ದನ್ನ ಎತ್ತೋಕೆ ನಾಲ್ಕನೇದೊಂದು ಹಾಕ್ಬಿಡ್ತೀನಿ.”

“ಹಂಗಾದ್ರ ನಾಳೆಯಿಂದ ನನ್ನ ಇಂಜೆಕ್ಷನ್ನೂ ಆ ಡಬ್ಬಕ್ಕೇ ಚುಚ್ರಿ!” ಎಂದು ಕಿರುಚಿದೆ.

ಮಾಲೀಕರು ಕಾಯಿ ಒಡೆದು, ತಪ್ಪಾಯ್ತೆಂದು ಕೈಮುಗಿದು, ಡಬ್ಬ ಬಿಚ್ಚಿಸಿದರು. ಒಂದೇ ಸ್ಟೆಬಿಲೈಸರಿನಲ್ಲಿ ಫ್ರಿಜ್ ತಣ್ಣಗಾಯಿತು. ಈ ಸಲದ ಆಯುಧಪೂಜೆಗೆ ಮಾಲೀಕರು ಬಂದು, ಡಬ್ಬ ಇದ್ದ ಖಾಲಿ ಗೋಡೆಗೇ ಕುಂಕುಮ ಹಚ್ಚಿ ಹೂವಿಟ್ಟು ಹೋಗಿದ್ದಾರೆ.