ಅರ್ಧಕ್ಕೆ ನಿಂತ ಹೂದೋಟ

ಹೊಸ ಕಂಪ್ಯೂಟರಿಗಾಗಿ ಮೂರು ವರ್ಷ ಯಜಮಾನರ ಬೆನ್ನು ಹತ್ತಿದ್ದ ನಕ್ಷೆಗಾರ, ಅದು ಬಂದ ದಿನ ಮಾಡಿದ ಮೊದಲ ತಪ್ಪೆಂದರೆ, ಹಳೆಯದನ್ನು ತಾನೇ ಎತ್ತಿ ಗುಜರಿಯವನ ಗಾಡಿಗೆ ಹಾಕಿ, ಗಾಡಿ ತಿರುವು ದಾಟುವವರೆಗೂ ಕೈ ಬೀಸಿದ್ದು.

ಅದು ಪರದೆ ನೇಯುವ ಕಾರ್ಖಾನೆ. ಹೂವಾಗಲಿ, ಹಕ್ಕಿಯಾಗಲಿ, ನಕ್ಷೆಗಾರ ಅದನ್ನು ಕಂಪ್ಯೂಟರಿನಲ್ಲಿ ಚುಕ್ಕಿ ಚುಕ್ಕಿಯಾಗಿ ಬಿಡಿಸಿಕೊಟ್ಟರೆ ಮಾತ್ರ ಮಗ್ಗಗಳು ಮಿಸುಕಾಡುತ್ತಿದ್ದವು. ಚುಕ್ಕಿ ಹಾಕುವ ಪ್ರೋಗ್ರಾಮು ಇಪ್ಪತ್ತೈದು ವರ್ಷದ ಮುದುಕ. ಬರೆದಾತ ಎಲ್ಲಿದ್ದಾನೋ ಯಾರಿಗೂ ತಿಳಿಯದು. ಮಗ್ಗಗಳಿಗೆ ಬೇರೆ ಪ್ರೋಗ್ರಾಮಿನ ಮಾತು ತಿಳಿಯದು. ಈಗ ನಾಟಕಮಂದಿರವೊಂದಕ್ಕೆ ಗೋಡೆಯಷ್ಟಗಲದ ಪರದೆ ಬೇಕಾಗಿತ್ತು, ಅದರ ತುಂಬ ಹೂದೋಟ. ಹೊಸ ಯಂತ್ರ ಕೊಡಿಸಿದರೆ ಒಂದೇ ಗಂಟೆಯಲ್ಲಿ ತೋಟ ಬಿಡಿಸಿಕೊಡುವೆನೆಂದು ನಕ್ಷೆಗಾರ ಎದೆ ತಟ್ಟಿಕೊಂಡಿದ್ದ.

"ಕೊಡ್ಸಿದೀನಿ," ಎಂದರು ಯಜಮಾನರು. "ನಾಲ್ಕು ಗಂಟೆಗೆ ಅವರು ನೋಡೋಕೆ ಬರ್ತಾರೆ. ತೋಟ ಇಲ್ದಿದ್ರೆ ನೀನು ವಾಪಸ್ ಪ್ಯಾಕಿಂಗಿಗೆ."

ಪ್ಯಾಕಿಂಗ್ ವಿಭಾಗದ ಮುಖ್ಯಸ್ಥ ನಕ್ಷೆಗಾರನ ಹೆಂಡತಿಯ ತಮ್ಮ. ಅವನ ಕೈಕೆಳಗೆ ಆರು ವರ್ಷ, 'ಭಾವ, ಗಂಟು ಸಡಿಲ', 'ಭಾವ, ಮಡಿಕೆ ಸೊಟ್ಟ' ಎಂಬ ಮಾತನ್ನು ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದ ಮೇಲೆಯೇ ನಕ್ಷೆಗಾರ ಹಟ ಹಿಡಿದು ನಕ್ಷೆಯ ಕೆಲಸ ಕಲಿತದ್ದು.

ಹತ್ತು ಗಂಟೆಗೆ ಅವನು, ಕಾಗದದ ಮೇಲೆ ಬರೆದಿಟ್ಟಿದ್ದ ತೋಟವನ್ನು ಪ್ರೋಗ್ರಾಮಿಗೆ ಉಣಿಸಿ ಗುಂಡಿ ಒತ್ತಿದ. ಹನ್ನೊಂದಾದರೂ ತೋಟದಲ್ಲಿ ಎರಡೇ ಎಲೆ. ಹೊಚ್ಚಹೊಸ ಯಂತ್ರ, ಮದುವೆಮನೆಯಲ್ಲಿ ಹೊಸ ಚಪ್ಪಲಿ ಕಚ್ಚಿಸಿಕೊಂಡ ಬೀಗರಂತೆ ಕುಂಟುತ್ತಿತ್ತು. ಅವನು ರಿಪೇರಿಯವನಿಗೆ ಫೋನು ಮಾಡಿದ.

"ಆ ಪ್ರೋಗ್ರಾಂ ಹಳೇ ಥರದ ಚಿಪ್ಪಿಗೆ ಬರೆದಿದ್ದು, ಸಾರ್. ಹೊಸ ಚಿಪ್ಪಿಗೆ ಅದರ ಭಾಷೆ ಬರಲ್ಲ. ಒಂದೊಂದು ಮಾತಿಗೂ ನಡುವೆ ಒಬ್ಬ ದುಭಾಷಿ ಕೂತಿರ್ತಾನೆ. ದಾರೀಲಿದೀನಿ, ಬಂದೆ."

ಅವನು ಬರುವುದರೊಳಗೆ ನೂಲಿಗೆ ಬಣ್ಣ ಹಾಕುವ ವಿಭಾಗದ ಅಕ್ಕ ಬಂದಳು. ಯಂತ್ರಕ್ಕೆ ಸೆಕೆಯಾಗಿದೆ ಎಂದು ತೀರ್ಮಾನಿಸಿ, ನೂಲು ಒಣಗಿಸುವ ಫ್ಯಾನನ್ನು ಅದರತ್ತ ತಿರುಗಿಸಿದಳು. ಯಂತ್ರ ತಣ್ಣಗೇ ಇತ್ತು. ನಕ್ಷೆಗಾರನ ಮೂರು ತಿಂಗಳ ಕಾಗದಗಳು ಮಾತ್ರ ಅಂಗಳದಲ್ಲಿ ಪಾರಿವಾಳಗಳಾದವು. ಅವನು ಅವುಗಳ ಹಿಂದೆ ಓಡಿದಾಗ ಭಾವಮೈದ ಕುರ್ಚಿಯಲ್ಲಿ ಕುಳಿತು, ಬೇಡದ್ದನ್ನೆಲ್ಲ ಮುಚ್ಚಿದರೆ ವೇಗ ಹೆಚ್ಚುವುದೆಂದು ಒಂದೊಂದೇ ಮುಚ್ಚುತ್ತ ಬಂದ. ಕೊನೆಯಲ್ಲಿ ತೋಟವನ್ನೂ ಮುಚ್ಚಿದ.

ಮತ್ತೆ ಮೊದಲಿನಿಂದ. ಈ ಬಾರಿ ನಕ್ಷೆಗಾರ ಯಾರೂ ಹತ್ತಿರ ಸುಳಿಯದಂತೆ ಎರಡೂ ಕೈ ಚಾಚಿ ನಿಂತ. ಬಳ್ಳಿ ಎಡದಿಂದ ಮೆಲ್ಲಗೆ ತೆವಳಿತು, ಹೂ ಬಿಟ್ಟಿತು, ಇನ್ನೇನು ನಡುವಿಗೆ ಬಂತು ಎನ್ನುವಾಗ ಗಕ್ಕನೆ ನಿಂತು, 'ಮೆಮೊರಿ ಸಾಲದು' ಎಂದಿತು.

ಯಜಮಾನರೇ ಓಡಿ ಬಂದರು. "ಅರವತ್ನಾಲ್ಕು ಜಿಬಿ ಹಾಕ್ಸಿದೀನಿ. ಅದೂ ಸಾಲ್ದಂತಾ?"

ರಿಪೇರಿಯವನು ಇನ್ನೂ ದಾರಿಯಲ್ಲೇ ಇದ್ದ; ಫೋನಿನಲ್ಲೇ ಹೇಳಿದ. "ಆ ಪ್ರೋಗ್ರಾಂ ಹುಟ್ಟಿದಾಗ ಎರಡು ಜಿಬಿ ಅಂದ್ರೆ ಸಮುದ್ರ, ಸಾರ್. ಅದಕ್ಕಿಂತ ಜಾಸ್ತಿ ಕೇಳೋಕೇ ಅದಕ್ಕೆ ಬರಲ್ಲ. ನೀವು ಕೆರೇನೇ ತಂದಿಟ್ರೂ ಅದು ಹಿಡಿದಿರೋದು ಅದೇ ಲೋಟ."

ಗಡಿಯಾರ ಮೂರು ಹೊಡೆಯಿತು. ಭಾವಮೈದ ಸದ್ದಿಲ್ಲದೆ ಹೋಗಿ ಪ್ಯಾಕಿಂಗ್ ವಿಭಾಗದಲ್ಲಿ ಒಂದು ಸ್ಟೂಲಿನ ಧೂಳು ಒರೆಸಿ ಬಂದ. ಅಷ್ಟರಲ್ಲಿ ನಾಟಕಮಂದಿರದ ಮೇಲ್ವಿಚಾರಕಿ ಒಂದು ಗಂಟೆ ಮೊದಲೇ ಒಳಗೆ ಕಾಲಿಟ್ಟಳು.

ತೆರೆಯ ಮೇಲೆ ಅರ್ಧ ತೋಟ. ಬಳ್ಳಿ ನಡುವೆಯೇ ತುಂಡಾಗಿ, ಕೊನೆಯ ಹೂವಿಗೆ ಎರಡೂವರೆ ಎಸಳು; ಆಚೆ ಎಲ್ಲ ಬರಿಯ ಬಿಳುಪು. ನಕ್ಷೆಗಾರ ಕ್ಷಮೆ ಕೇಳಲು ಬಾಯಿ ತೆರೆದ.

"ಇದನ್ನ ಯಾರು ಮಾಡಿದ್ದು?" ಎಂದಳಾಕೆ.

ಯಜಮಾನರು, ಅಕ್ಕ, ಭಾವಮೈದ ಮೂವರೂ ಒಟ್ಟಿಗೆ ನಕ್ಷೆಗಾರನತ್ತ ಬೆರಳು ತೋರಿದರು.

"ತೋಟ ನಮ್ಮ ಕಣ್ಮುಂದೇನೇ ಹುಟ್ತಾ ಇದೆ," ಎಂದಳು ಆಕೆ ಮೆಲ್ಲಗೆ. "ಪರದೆ ಏಳೋದಕ್ಕೆ ಮುಂಚೇನೇ ನಾಟಕ ಶುರುವಾಗಿಬಿಟ್ಟಿದೆ. ಹೀಗೇ ಬೇಕು. ಒಂದು ಚುಕ್ಕಿ ಹೆಚ್ಚೂ ಬೇಡ, ಕಡಿಮೆಯೂ ಬೇಡ."

ಆಕೆ ಫೋಟೋ ತೆಗೆದು ಯಜಮಾನರಿಗೂ ಕಳಿಸಿದಳು. ಯಜಮಾನರು ನಕ್ಷೆಗಾರನ ಹೆಗಲ ಮೇಲೆ ಕೈ ಹಾಕಿ ಮುಂದಿನ ಕೋಣೆಗೆ ಕರೆದೊಯ್ದು, ತಮ್ಮ ಪಕ್ಕದ ಕುರ್ಚಿಯಲ್ಲೇ ಕೂರಿಸಿದರು. ಅಂಥದೇ ಪರದೆ ಇನ್ನೆರಡು ಬೇಕೆಂದಳು ಆಕೆ. ನಕ್ಷೆಗಾರನಿಗೆ ನೆಲ ಕಾಲಿಗೆ ಸಿಗುತ್ತಿರಲಿಲ್ಲ. ಖಾಲಿ ಜಾಗದ ಸೊಬಗಿನ ಬಗ್ಗೆ ಅವನು ಒಂದೂವರೆ ಗಂಟೆ ಮಾತಾಡಿದ. ಭಾವಮೈದ ಬಾಗಿಲಲ್ಲಿ ನಿಂತೇ ಕೇಳಿದ.

ಹಾರುತ್ತ ಮರಳಿದ ನಕ್ಷೆಗಾರನಿಗೆ ತನ್ನ ಕುರ್ಚಿಯಲ್ಲಿ ಕಂಡದ್ದು ರಿಪೇರಿಯವನು. ತೆರೆಯ ಮೇಲೆ ತೋಟ ಈ ತುದಿಯಿಂದ ಆ ತುದಿಯವರೆಗೆ, ಒಂದೆಸಳೂ ಬಿಡದೆ, ಅರಳಿ ನಿಂತಿತ್ತು.

"ಮುಗೀತು ನಿಮ್ಮ ಗೋಳು," ಎಂದ ಅವನು. "ಎರಡಿದ್ದ ಮಿತಿ ನಾಲ್ಕು ಮಾಡ್ದೆ. ದುಭಾಷಿಗೂ ಚುರುಕು ಮುಟ್ಟಿಸ್ದೆ. ಒಂದೇ ಗಂಟೇಲಿ ಪೂರ್ತಿ."

"ಇದ್ದದ್ದು? ಆ ಅರ್ಧ ತೋಟ?"

"ಅದನ್ನ ಇಟ್ಕೊಂಡು ಏನ್ಮಾಡ್ತೀರಿ? ಮುಚ್ಚಿದೆ. ಪೂರ್ತಿಯಾಗದ್ದನ್ನ ಈ ಪ್ರೋಗ್ರಾಂ ಉಳಿಸೋದೂ ಇಲ್ಲ."

ಮೊದಲಿದ್ದಂತೆ ಕೆಡಿಸಿಕೊಡು ಎಂದು ನಕ್ಷೆಗಾರ ಅವನ ಕೈ ಹಿಡಿದ. ಕೆಡಿಸಬಹುದು, ಆದರೆ ಮೆಮೊರಿ ತುಂಬಿದಲ್ಲಿ ಅದು ನಿಲ್ಲುತ್ತದೆ, ಅದೇ ಎರಡೂವರೆ ಎಸಳಿಗೇ ನಿಲ್ಲುವುದೆಂದು ಬರೆದುಕೊಡಲಾರೆ ಎಂದ ರಿಪೇರಿಯವನು.

ಇನ್ನುಳಿದದ್ದು ಒಂದೇ ದಾರಿ: ಫೋಟೋ ಎದುರಿಗಿಟ್ಟುಕೊಂಡು, ಅದರಲ್ಲಿಲ್ಲದ ಉಳಿದರ್ಧದ ಲಕ್ಷಾಂತರ ಚುಕ್ಕಿಗಳನ್ನು ಕೈಯಾರೆ ಅಳಿಸುವುದು. ಒಂದು ಚುಕ್ಕಿಯೂ ತಪ್ಪಬಾರದೆಂದು ಯಜಮಾನರು, ಕಾರ್ಖಾನೆಯಲ್ಲೇ ಅತಿ ಚೂಪುಗಣ್ಣಿನವನನ್ನು ಮೇಲ್ವಿಚಾರಣೆಗೆ ಕಳಿಸಿಕೊಟ್ಟರು.

ಅವನು ಬಂದ. ಧೂಳು ಒರೆಸಿಟ್ಟಿದ್ದ ಸ್ಟೂಲನ್ನೂ ಜೊತೆಗೇ ತಂದ. ನಕ್ಷೆಗಾರನನ್ನು ಅದರ ಮೇಲೆ ಕೂರಿಸಿ, ತಾನು ಕುರ್ಚಿಗೆ ಒರಗಿಕೊಂಡು ಫೋಟೋ ಕಣ್ಣಿಗೆ ಹಿಡಿದ.

"ಭಾವ," ಎಂದ ಭಾವಮೈದ, "ಬಳ್ಳಿ ಸೊಟ್ಟ."