ಎತ್ತಿನ ನಿಯಮಾವಳಿಯಂತೆ ಸಾಫ್ಟ್‌ವೇರ್ ಖರೀದಿ

ಗೋಕಾಕದಲ್ಲಿ ಕೇಂದ್ರ ಕಚೇರಿಯನ್ನೂ ಮೂಡಲಗಿ, ಹುಕ್ಕೇರಿಗಳಲ್ಲಿ ಶಾಖೆಗಳನ್ನೂ ಹೊಂದಿರುವ ‘ಮೂರೂರ ಹಿಂಡಿ-ಬೂಸಾ ಮಾರಾಟ ಸಂಘ’ದಲ್ಲಿ ಖರೀದಿ ನಿಯಮಾವಳಿ ಎಂಬುದು ಒಂದೇ ಒಂದು ಇದೆ, ಮತ್ತು ಅದು ಎತ್ತುಗಳ ಖರೀದಿಗೆ ಸಂಬಂಧಿಸಿದ್ದು. ಸಂಘ ಹುಟ್ಟಿದ ಕಾಲಕ್ಕೆ ಹಿಂಡಿ ಚೀಲಗಳು ಎತ್ತಿನ ಚಕ್ಕಡಿಯಲ್ಲಿ ಊರೂರಿಗೆ ಹೋಗುತ್ತಿದ್ದವು. ಎತ್ತಿನ ವ್ಯಾಪಾರದಲ್ಲಿ ಯಾರೂ ಟೋಪಿ ಹಾಕಬಾರದೆಂದು ಹಿರಿಯರು ನಿಯಮ ಬರೆದಿಟ್ಟರು. ಆಮೇಲೆ ಎತ್ತುಗಳು ಹೋಗಿ ಬಾಡಿಗೆ ಲಾರಿಗಳು ಬಂದವು. ನಿಯಮಾವಳಿ ಮಾತ್ರ ಗಟ್ಟಿಮುಟ್ಟಾಗಿ ಉಳಿಯಿತು. ಬೇರೆ ಸಾಮಾನು ಕೊಳ್ಳುವುದಕ್ಕೆ ನಿಯಮವೇ ಇಲ್ಲವಾದ್ದರಿಂದ ಸಂಘ ಈವರೆಗೆ ಬೇರೆ ಯಾವ ಸಾಮಾನನ್ನೂ ಕೊಂಡಿಲ್ಲ. ಲೆಕ್ಕದ ಪುಸ್ತಕದ ಪ್ರಕಾರ ಕಚೇರಿಯಲ್ಲಿರುವ ಕಂಪ್ಯೂಟರು ಹಳೆಯ ಟೈಪ್‌ರೈಟರಿನ ದುರಸ್ತಿ. ಫ್ಯಾನು ಕಿಟಕಿಯ ದುರಸ್ತಿ. ಗ್ಯಾಸಿನ ಒಲೆ ಯಾವುದರ ದುರಸ್ತಿ ಎಂಬುದು ಈಗ ಯಾರಿಗೂ ನೆನಪಿಲ್ಲ.

ಈ ದುರಸ್ತಿಯಾದ ಟೈಪ್‌ರೈಟರಿನ ಮುಂದೆ ಕೂತು ಲೆಕ್ಕ ಹೊಂದಿಸುವವಳು ಘೋಡಗೇರಿಯ ದಾಕ್ಷಾಯಿಣಿ. ಸಂಘದಲ್ಲಿ ಅವಳ ಹುದ್ದೆ ಇಲ್ಲ. ಅವಳ ಪಗಾರ ‘ಚಿಲ್ಲರೆ ಖರ್ಚು’ ಎಂಬ ಬಾಬಿನಲ್ಲಿ, ಫಿನಾಯಿಲಿನ ನಂತರ, ಕಸಬರಿಗೆಗಿಂತ ಮೊದಲು ಬರುತ್ತದೆ. ಕಾಯಂ ಆಗಬೇಕೆಂಬುದು ಅವಳ ಒಂದೇ ಆಸೆ. ಮದುವೆಯಾದ ಗೆಳತಿಯರು ಮಕ್ಕಳನ್ನು ಸಾಲಿಗೆ ಕಳಿಸುತ್ತಿದ್ದರೂ ಇವಳು ಅವ್ವನಿಗೆ, “ಕಾಯಂ ಆಗ್ಲಿ, ಆಮ್ಯಾಲ ನೋಡೂಣು,” ಎನ್ನುತ್ತಲೇ ಬಂದಿದ್ದಳು. ಹೊಸ ಕುಕ್ಕರು ಕೊಳ್ಳುವ ಮಾತಿಗೂ ಆ ಮನೆಯಲ್ಲಿ ಅದೇ ಉತ್ತರ.

ಕೆಲಸವೇನೂ ಹಗುರವಲ್ಲ. ಮೂಡಲಗಿ ಶಾಖೆ ವ್ಯಾಪಾರವನ್ನು ಚೀಲದಲ್ಲಿ ಎಣಿಸುತ್ತದೆ, ಹುಕ್ಕೇರಿ ಶಾಖೆ ಗಿರಾಕಿಗಳನ್ನು ಎಣಿಸುತ್ತದೆ, ಗೋಕಾಕದವರು ಲಾರಿ ಎಣಿಸುತ್ತಾರೆ. ತಿಂಗಳ ಕೊನೆಗೆ ದಾಕ್ಷಾಯಿಣಿ ಎರಡೂ ಶಾಖೆಗೆ ಫೋನು ಹಚ್ಚಿ, ಬೈಸಿಕೊಂಡು, ತಾನೂ ನಾಲ್ಕು ಮಾತು ಬೈದು, ಮೂರನ್ನೂ ಒಂದೇ ಹಾಳೆಗೆ ತರುತ್ತಿದ್ದಳು. ಅಧ್ಯಕ್ಷರಾದ ವೀರಪ್ಪನವರಿಗೆ ಆ ಹಾಳೆ ಸಾಕಾಗಿತ್ತು. ಆದರೆ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಬಾಜೂ ಕೂತ ರಸಗೊಬ್ಬರದ ವ್ಯಾಪಾರಿ ತನ್ನ ಮೊಬೈಲಿನಲ್ಲಿ ಬಣ್ಣಬಣ್ಣದ ಹೋಳುಗಳಿದ್ದ ಒಂದು ಚಕ್ರ ತೋರಿಸಿ, ತನ್ನ ಇಡೀ ವ್ಯಾಪಾರ ಅದರಲ್ಲಿದೆ ಎಂದುಬಿಟ್ಟ. ವೀರಪ್ಪನವರು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದರು.

“ನಮಗೂ ಅಂಥಾ ಚಕ್ರ ಬೇಕು,” ಎಂದು ಅವರು ಮರುದಿನ ಕಾರ್ಯದರ್ಶಿ ಅಣ್ಣಾಸಾಹೇಬರಿಗೆ ಹೇಳಿದರು.

ಅಣ್ಣಾಸಾಹೇಬರು ನಿಯಮ ಬಿಟ್ಟು ಕೆಮ್ಮುವವರೂ ಅಲ್ಲ. ದುರಸ್ತಿ ಎಂದು ಬರೆಯೋಣವೆಂದರೆ, ಇನ್ನು ಮುಂದೆ ಯಾವುದನ್ನೂ ಯಾವುದರ ದುರಸ್ತಿಯೆಂದೂ ತೋರಿಸಕೂಡದು ಎಂದು ಆಡಿಟರು ಕೆಂಪು ಶಾಯಿಯಲ್ಲಿ ಬರೆದು ಹೋಗಿದ್ದರು. ಉಳಿದದ್ದು ಒಂದೇ ದಾರಿ. ಸಭೆ ಸೇರಿ ಠರಾವು ಪಾಸಾಯಿತು: “ಖರೀದಿ ನಿಯಮಾವಳಿಯಲ್ಲಿ ‘ಎತ್ತು’ ಎಂದು ಬಂದಿರುವ ಕಡೆಯಲ್ಲೆಲ್ಲ ‘ಸಾಫ್ಟ್‌ವೇರ್’ ಎಂದು ಓದಿಕೊಳ್ಳತಕ್ಕದ್ದು. ಉಳಿದ ಯಾವ ಅಕ್ಷರವನ್ನೂ ಬದಲಿಸತಕ್ಕದ್ದಲ್ಲ.”

ನಿಯಮದ ಪ್ರಕಾರ ಪರೀಕ್ಷಾ ಸಮಿತಿಯಲ್ಲಿ ಸಂತೆಯ ದಲಾಲಿಯೊಬ್ಬರು ಇರಲೇಬೇಕು. ಮೂಡಲಗಿಯ ದನದ ಸಂತೆಯಲ್ಲಿ ತಲೆ ಹಣ್ಣಾದ ದಲಾಲಿ ಖಾದರಬಾಷಾ ತಾಂತ್ರಿಕ ತಜ್ಞರಾಗಿ ನೇಮಕಗೊಂಡರು. ಸಮಿತಿಯ ಕಾಗದಪತ್ರ ನೋಡಿಕೊಳ್ಳಲು ದಾಕ್ಷಾಯಿಣಿಯನ್ನು ಹಾಕಿದರು.

“ಸಾಫ್ಟ್‌ವೇರ್ ಬಂದ ಮ್ಯಾಲ ಈ ಲೆಕ್ಕಾ ಎಲ್ಲಾ ಅದ ಮಾಡತೈತಿ,” ಎಂದು ಅಣ್ಣಾಸಾಹೇಬರು ಅವಳಿಗೆ ಸಂತೋಷದಿಂದ ತಿಳಿಸಿದರು. “ನಿಮಗ ತ್ರಾಸ ತಪ್ಪತೈತಿ.”

“ಪಗಾರಾನೂ ತಪ್ಪತೈತೇನ್ರಿ ಸರ್?”

“ಅದನ್ನ ಪ್ರತಿ ತಿಂಗಳಾ ಬರಿಯೂದು ನಮಗೂ ಒಂದ ತ್ರಾಸ ಅಲ್ಲೇನ್ರಿ?”

ಹೀಗೆ ತನ್ನ ಕೆಲಸ ಕಸಿಯಲು ಬರುವವರಲ್ಲಿ ಉತ್ತಮರು ಯಾರೆಂದು ಆರಿಸುವ ಜವಾಬ್ದಾರಿ ದಾಕ್ಷಾಯಿಣಿಯ ತಲೆಗೆ ಬಂತು. ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಕಂಪನಿಗಳಿಗೆ ಪತ್ರ ಬರೆದಳು: “ತಮ್ಮ ಸಾಫ್ಟ್‌ವೇರನ್ನು ಮುಂಜಾನೆ ನೀರು ಕುಡಿಸಿ, ಸಂಘದ ಆವರಣಕ್ಕೆ ಹೊಡೆದುಕೊಂಡು ಬರತಕ್ಕದ್ದು.” ಒಂದಕ್ಷರವನ್ನೂ ಬದಲಿಸುವಂತಿರಲಿಲ್ಲವಲ್ಲ.

ಮೂರು ಕಂಪನಿಗಳವರು ಬಂದರು. ಪುಣೆಯಿಂದ ಬಂದ ಕೋಟಿನವರು ತಮ್ಮ ಸಾಫ್ಟ್‌ವೇರ್ ಇಲ್ಲಿಲ್ಲ, ದೂರದ ಸರ್ವರಿನಲ್ಲಿದೆ, ಇಲ್ಲಿಂದ ನೋಡಬಹುದಷ್ಟೇ ಎಂದು ವಿವರಿಸಿದರು.

“ಅಂದ್ರ ಎತ್ತ ಮನ್ಯಾಗ ಬಿಟ್ಟ ಬಂದೀರಿ,” ಎಂದರು ಖಾದರಬಾಷಾ. “ಫೋಟೋ ತೋರ್ಸಿ ಮಾರೂ ಧಂದೆ ಏನ್ರಿ ಇದು?”

ಸಂತೆಗೆ ಹಾಜರಿಲ್ಲದ ಸಾಫ್ಟ್‌ವೇರನ್ನು ಖರೀದಿಸತಕ್ಕದ್ದಲ್ಲ ಎಂಬ ನಿಯಮ ಸ್ಪಷ್ಟವಾಗಿತ್ತು. ಪುಣೆಯವರಿಗೆ ಚಹಾ ಕುಡಿಸಿ ಕಳಿಸಲಾಯಿತು. ಉಳಿದವರು ಇಬ್ಬರು. ಬೆಳಗಾವಿಯ ಲಖನ ಎಂಬ ತರುಣ ‘ದಿಕ್ಸೂಚಿ’ ತಂದಿದ್ದ. ಹುಬ್ಬಳ್ಳಿಯ ಸಾನಿಯಾ ಎಂಬ ಚುರುಕು ಹುಡುಗಿ ‘ಕನ್ನಡಿ’ ತಂದಿದ್ದಳು. ಇಬ್ಬರ ಸಾಫ್ಟ್‌ವೇರೂ ಅವರವರ ಲ್ಯಾಪ್‌ಟಾಪಿನೊಳಗೇ ಇದ್ದದ್ದರಿಂದ ಅವು ಹಾಜರಿವೆಯೆಂದು ದಾಖಲಾಯಿತು.

ಮೊದಲು ವಯಸ್ಸು ಹೇಳುವ ಹಲ್ಲು. ಸಾಫ್ಟ್‌ವೇರಿಗೆ ಬಾಯಿ ಇಲ್ಲವೆಂದು ಲಖನ ವಾದ ಮಾಡಿದ. ಹಾಗಿದ್ದರೆ ತಂದವರ ಹಲ್ಲನ್ನೇ ನೋಡುವುದೆಂದು ಸಮಿತಿ ಉದಾರವಾಗಿ ತೀರ್ಮಾನಿಸಿತು. ಲಖನ ಆ ಎಂದ. ಖಾದರಬಾಷಾ ಕನ್ನಡಕ ಏರಿಸಿ, “ಗುಟಕಾ ಬಿಡಪಾ, ಇನ್ನೂ ಸಣ್ಣಾವ ಅದಿ,” ಎಂದು ಪಾಸು ಮಾಡಿದರು. ಸಾನಿಯಾ ಮೊದಲು ಒಪ್ಪಲಿಲ್ಲ.

“ಇದ ಯಾವ ಪದ್ಧತಿರೀ ಕಾಕಾ? ನಮ್ಮ ಹೆಡ್ ಆಫೀಸಿನ್ಯಾಗ ಏನಂತ ಬರೀಲಿ?”

“ನಕ್ಕೊಂತ ಬಂದೀ ನೋಡವಾ, ಆವಾಗ್ಲೇ ಎಲ್ಲಾ ನೋಡೇನಿ. ಚಲೋ ಅದಾವು,” ಎಂದರು ಖಾದರಬಾಷಾ. ಅವಳೂ ಪಾಸಾದಳು.

ಆಮೇಲೆ ಸುಳಿ. ಎತ್ತಿನ ಮೈಮೇಲೆ ಎಲ್ಲಿ ಸುಳಿ ಇದ್ದರೆ ಮನೆತನ ಏಳುತ್ತದೆ, ಎಲ್ಲಿದ್ದರೆ ಮುಳುಗುತ್ತದೆ ಎಂಬುದು ಖಾದರಬಾಷಾರಿಗೆ ಅಂಗೈಯಷ್ಟೇ ಪರಿಚಯ. ಎರಡೂ ಪರದೆಗಳ ನಟ್ಟನಡುವೆ ಸಣ್ಣದೊಂದು ಉಂಗುರ ಬಹಳ ಹೊತ್ತು ಗಿರ್ರನೆ ತಿರುಗುತ್ತಿತ್ತು. ಮಶೀನ್ ಸ್ಲೋ ಐತ್ರಿ ಎಂದು ಲಖನ ಕ್ಷಮೆ ಕೇಳುತ್ತಿದ್ದಾಗಲೇ ಹಣೆಯ ನಡುವಿನ ಬಲಸುಳಿ ಎಂದು ಅವುಗಳಿಗೆ ಹೆಚ್ಚಿನ ಅಂಕ ಬಿದ್ದವು. ಉಂಗುರ ನಿಂತಾಗ ವೀರಪ್ಪನವರಿಗೆ ಸ್ವಲ್ಪ ಬೇಸರವೇ ಆಯಿತು.

ಭಾರದ ಪರೀಕ್ಷೆಗೆ ಟ್ರ್ಯಾಕ್ಟರಿನಲ್ಲಿ ಹಿಂಡಿ ಚೀಲ ಹೇರಿ, ಅವುಗಳ ಮೇಲೆ ಲ್ಯಾಪ್‌ಟಾಪು ಇಟ್ಟು, ಲ್ಯಾಪ್‌ಟಾಪಿನ ಹಿಂದೆ ಲಖನನನ್ನೂ ಸಾನಿಯಾಳನ್ನೂ ಕೂರಿಸಿ ಮಸಗುಪ್ಪಿಯವರೆಗೆ ಓಡಿಸಲಾಯಿತು. ರಸ್ತೆಯ ತಗ್ಗುದಿನ್ನೆಗಳು ತಮ್ಮ ಪಾಲಿನ ಕೆಲಸ ಮಾಡಿದವು. ಮಸಗುಪ್ಪಿಯ ರೈತರು ಬಂದು ಸುತ್ತ ನಿಂತರು. ಇಷ್ಟು ಸಣ್ಣ ಯಂತ್ರ ಇಷ್ಟೊಂದು ಚೀಲ ಎಳೆಯಿತೆಂದರೆ ಸಾಮಾನ್ಯವೇ ಎಂದು ಮಾತಾಡಿಕೊಂಡರು. ಟ್ರ್ಯಾಕ್ಟರಿನ ಚಾಲಕ ಏನೋ ಹೇಳಲು ಬಾಯಿ ತೆರೆದನಾದರೂ ಅವನು ಸಮಿತಿಯ ಸದಸ್ಯನಾಗಿರಲಿಲ್ಲ.

ಕೊನೆಗೆ ದರ. ಮುಚ್ಚಿದ ಟೆಂಡರು ಎಂದರೆ ಟವೆಲು ಮುಚ್ಚಿದ ಕೈ. ಸಂತೆಯಲ್ಲಿ ಮಾಡುವಂತೆ, ಟವೆಲಿನ ಒಳಗೆ ಬೆರಳು ಹಿಡಿದು, ಬಾಯಿ ಬಿಡದೆ ದರ ಕುದುರಿಸಬೇಕು. ಲಖನನ ಕೈಯನ್ನು ಖಾದರಬಾಷಾ ಹಿಡಿದರು. ಸಾನಿಯಾಳ ಕೈಯನ್ನು ಹೆಣ್ಣುಮಗಳೇ ಹಿಡಿಯಲಿ ಎಂದು ದಾಕ್ಷಾಯಿಣಿಗೆ ವಹಿಸಿದರು. ಯಾವ ಬೆರಳಿಗೆ ಎಷ್ಟು ಬೆಲೆ ಎಂಬುದು ದಾಕ್ಷಾಯಿಣಿಗೂ ಗೊತ್ತಿರಲಿಲ್ಲ, ಸಾನಿಯಾಗೂ ಗೊತ್ತಿರಲಿಲ್ಲ. ಇಬ್ಬರೂ ಗಂಭೀರವಾಗಿ ಒಬ್ಬರ ಬೆರಳು ಒಬ್ಬರು ಹಿಚುಕಿದರು.

“ಅಕ್ಕಾರ, ಬೆರಳ ಯಾಕ ಇಷ್ಟ ಜೋರ ಹಿಚಕಾಕತ್ತೀರಿ?” ಎಂದು ಸಾನಿಯಾ ಪಿಸುಗುಟ್ಟಿದಳು.

“ನಿಮ್ಮದ ತಗೊಂಡ್ರ ನನ್ನ ಬಿಡಸ್ತಾರವಾ.”

ಸಾನಿಯಾ ಕೈ ಬಿಡಲಿಲ್ಲ. ಅವಳ ಮುಖ ಸಣ್ಣದಾಯಿತು. “ನಂದೂ ಪ್ರೊಬೇಶನ್ ಐತ್ರಿ ಅಕ್ಕಾ. ಇದ ಮಾರಲಿಲ್ಲಂದ್ರ ನನ್ನ ಬಿಡಸ್ತಾರು.”

ಟವೆಲಿನೊಳಗೆ ಇಬ್ಬರೂ ಬಹಳ ಹೊತ್ತು ಕೈ ಹಿಡಿದುಕೊಂಡೇ ಇದ್ದರು. ಚೌಕಾಶಿ ಜೋರಾಗಿ ನಡೆದಿದೆ ಎಂದು ವೀರಪ್ಪನವರು ಮೆಚ್ಚಿ ತಲೆದೂಗಿದರು. ದರದ ಕಾಲಮಿನಲ್ಲಿ “ಟವೆಲಿನೊಳಗೆ ನಿಗದಿಯಾದಂತೆ” ಎಂದು ಬರೆಯಲಾಯಿತು. ಟವೆಲಿನೊಳಗಿನ ಮಾತನ್ನು ಹೊರಗೆ ಯಾರೂ ಪ್ರಶ್ನಿಸುವಂತಿಲ್ಲ ಎಂಬ ನಿಯಮವೂ ಇದ್ದುದರಿಂದ, ಎರಡೂ ಕಂಪನಿಗಳು ಮುಂದೆ ತಮಗೆ ತಿಳಿದಷ್ಟು ಬಿಲ್ಲು ಕಳಿಸಿದವು.

ಎರಡೂ ಯಾಕೆಂದರೆ, ಅಂಕಗಳನ್ನು ಕೂಡಿಸಿ ಒಂದನ್ನು ಆರಿಸುವ ಹೊತ್ತಿಗೆ ಅಣ್ಣಾಸಾಹೇಬರು ಕೈಯೆತ್ತಿ ಹೀಗೆ ಓದಿದರು: “ಒಂಟಿ ಸಾಫ್ಟ್‌ವೇರನ್ನು ಖರೀದಿಸತಕ್ಕದ್ದಲ್ಲ. ಖರೀದಿಯು ಜೋಡಿಯಾಗಿಯೇ ಇರತಕ್ಕದ್ದು. ಜೋಡಿಯು ಎತ್ತರದಲ್ಲಿ ಸರಿಸಮ ಇರತಕ್ಕದ್ದು.” ಎರಡು ಲ್ಯಾಪ್‌ಟಾಪುಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಅಳೆದರು. ಸರಿಸಮ ಇದ್ದವು. ಸಾನಿಯಾ ಕೂತಲ್ಲೇ ಕಣ್ಣೊರೆಸಿಕೊಂಡಳು. ಲಖನ ಖಾದರಬಾಷಾರ ಕಾಲು ಮುಟ್ಟಿದ. ದಾಕ್ಷಾಯಿಣಿ ಮಾತ್ರ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದು ಸಾಫ್ಟ್‌ವೇರ್ ಬಂದರೇ ಕೆಲಸ ಹೋಗುತ್ತಿತ್ತು. ಈಗ ಎರಡು ಬಂದಿದ್ದವು.

ತಿಂಗಳ ಕೊನೆಗೆ ವೀರಪ್ಪನವರು ಹೊಸ ಧೋತರ ಉಟ್ಟು ಚಕ್ರ ನೋಡಲು ಕೂತರು. ಯಾವ ಶಾಖೆ ಮೊದಲು ಎಂದು ಕೇಳಿದಾಗ ‘ದಿಕ್ಸೂಚಿ’ ಚೀಲ ಎಣಿಸಿ ಮೂಡಲಗಿ ಎಂದಿತು. ‘ಕನ್ನಡಿ’ ಗಿರಾಕಿ ಎಣಿಸಿ ಹುಕ್ಕೇರಿ ಎಂದಿತು. ಎರಡು ಚಕ್ರಗಳೂ ಚಂದವಾಗಿದ್ದವು, ಎರಡರಲ್ಲೂ ಬಣ್ಣ ಸಾಕಷ್ಟಿತ್ತು. ಆದರೆ ಸಂಜೆಯೊಳಗೆ ಎರಡೂ ಶಾಖೆಯವರು ಫೋನು ಮಾಡಿ ಜಗಳ ತೆಗೆದರು, ಮತ್ತು ಗೋಕಾಕದವರು ಲಾರಿಗಳ ಚಕ್ರ ಎಲ್ಲಿ ಎಂದು ಕೇಳತೊಡಗಿದರು.

ತಾಂತ್ರಿಕ ತಜ್ಞರನ್ನು ಕರೆಸಲಾಯಿತು. ಖಾದರಬಾಷಾ ಎರಡೂ ಪರದೆಗಳ ಮುಂದೆ ನಿಂತು ಗಡ್ಡ ನೀವಿಕೊಂಡರು.

“ಏನೂ ರೋಗ ಇಲ್ಲರಿ ಚೇರಮನ್ರ. ಹೊಸಾ ಜೋಡಿ. ಒಂದ ಎಡಕ್ಕ ಎಳ್ಯಾಕತ್ತೈತಿ, ಒಂದ ಬಲಕ್ಕ ಎಳ್ಯಾಕತ್ತೈತಿ. ಹೊಡಿಯವ್ರ ಯಾರು?”

ಹೊಡೆಯುವವರು ಯಾರೂ ಇರಲಿಲ್ಲ. ಅಣ್ಣಾಸಾಹೇಬರು ಗಾಬರಿಯಿಂದ ನಿಯಮಾವಳಿ ತೆರೆದರು. ಜೋಡಿಯನ್ನು ಖರೀದಿಸಿದ ಕೂಡಲೇ ಅದಕ್ಕೆ ಒಬ್ಬ ಚಕ್ಕಡಿ ಹೊಡೆಯುವವನನ್ನು ನೇಮಿಸತಕ್ಕದ್ದು, ಮತ್ತು ಸದರಿ ಹುದ್ದೆ ಕಾಯಂ ಸ್ವರೂಪದ್ದಾಗಿರತಕ್ಕದ್ದು ಎಂದು ಅಲ್ಲಿ ಬರೆದಿತ್ತು. ಅರ್ಹತೆ ಎರಡೇ: ಮೂರೂ ಊರಿನ ದಾರಿ ತಿಳಿದಿರಬೇಕು, ಜೋಡಿಯನ್ನು ಬೈದು ತಿದ್ದುವ ಬಾಯಿ ಇರಬೇಕು.

ದಾಕ್ಷಾಯಿಣಿ ಕೂತಿದ್ದ ಕುರ್ಚಿಯಿಂದ ಎದ್ದು ನಿಂತಳು. “ಸರ್, ನಾ ಹೊಡೀತೀನ್ರಿ.”

“ನಿಮಗ ಚಕ್ಕಡಿ ಹೊಡ್ಯಾಕ ಬರತೈತೇನ್ರಿ?”

“ನೋಡ್ರಲ್ಲ,” ಎಂದು ಅವಳು ಫೋನೆತ್ತಿದಳು. ಮೂಡಲಗಿಗೆ ಬೈದಳು, ಹುಕ್ಕೇರಿಗೆ ಬೈದಳು, ಎಂದಿನಂತೆ ಮೂರನ್ನೂ ಒಂದೇ ಹಾಳೆಗೆ ತಂದು, ಆ ಹಾಳೆಯನ್ನು ನೋಡಿಕೊಂಡು ‘ದಿಕ್ಸೂಚಿ’ಯಲ್ಲೂ ‘ಕನ್ನಡಿ’ಯಲ್ಲೂ ಅದೇ ಅಂಕಿಗಳನ್ನು ಹೊಡೆದಳು. ಎರಡು ಚಕ್ರಗಳೂ ಒಂದೇ ಆಕಾರಕ್ಕೆ ಬಂದವು.

“ಎರಡೂ ಒಂದ ಮಾತ ಹೇಳಾಕತ್ತಾವು!” ಎಂದು ವೀರಪ್ಪನವರು ಎದ್ದು ನಿಂತರು. ಇಷ್ಟು ಬುದ್ಧಿವಂತ ಜೋಡಿ ಸೀಮೆಯಲ್ಲೇ ಇಲ್ಲವೆಂದು ಖಾದರಬಾಷಾ ಲಿಖಿತ ಅಭಿಪ್ರಾಯ ಕೊಟ್ಟರು. ಮುಂದೆ ಆಡಿಟರು ಬಂದಾಗ ಒಂದೇ ಒಂದು ಆಕ್ಷೇಪ ಎತ್ತಿದರು: ಜೋಡಿ ಖರೀದಿಸಿದ್ದೀರಿ, ಮೇವಿನ ಖರ್ಚು ಎಲ್ಲಿ? ಅಂದಿನಿಂದ ಎರಡೂ ಕಂಪನಿಗಳ ವಾರ್ಷಿಕ ಶುಲ್ಕ ‘ಹೊಟ್ಟು-ಮೇವು’ ಬಾಬಿನಲ್ಲಿ ತಕರಾರಿಲ್ಲದೆ ಪಾಸಾಗುತ್ತದೆ.

ನೇಮಕದ ಆದೇಶದ ಜೊತೆ ನಿಯಮದಂತೆ ದಾಕ್ಷಾಯಿಣಿಗೆ ಒಂದು ಕಂಬಳಿಯನ್ನೂ ಎತ್ತು ಹೊಡೆಯುವ ಒಂದು ಬಾರಕೋಲನ್ನೂ ಕೊಟ್ಟರು. ‘ಚಕ್ಕಡಿ ಹೊಡೆಯುವವ (ಕಾಯಂ)’ ಎಂಬ ಸಾಲನ್ನು ಅವಳು ಮತ್ತೆ ಮತ್ತೆ ಓದಿದಳು. ಅದರಲ್ಲಿ ಅವಳಿಗೆ ಕಂಡದ್ದು ಕೊನೆಯ ಮಾತೊಂದೇ. ಇಷ್ಟು ವರ್ಷದ ಮೇಲೆ ಫಿನಾಯಿಲಿನ ಬಾಜೂದಿಂದ ಎದ್ದು ಬಂದ ಖುಷಿಗೆ ಅವಳಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ಅಂದು ಸಂಜೆ ಘೋಡಗೇರಿಯ ಬಸ್ಸಿನಲ್ಲಿ ಅವಳು ಬಾರಕೋಲು ಹಿಡಿದು ಕಿಟಕಿಯ ಪಕ್ಕ ಕೂತಳು. ಅದೇ ಊರಿನ ಮುದುಕಿ ಕಾಶೆವ್ವ ಬಂದು ಬಾಜೂ ಕೂತು, ಎತ್ತು ತಗೊಂಡಿರೇನವಾ ಎಂದು ಕೇಳಿದಳು.

“ಇಲ್ಲ ಆಯಿ. ಕಂಪ್ಯೂಟರ್ ಕೆಲಸ ಕಾಯಂ ಆತು.”

ಕಾಶೆವ್ವ ಬಾರಕೋಲನ್ನು ತಿರುವಿ ನೋಡಿದಳು, ಕಂಬಳಿಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದಳು. “ಖರೇನ ಕಾಯಂ?”

“ಖರೇನ.”

ಮುದುಕಿ ಸೆರಗಿನ ಗಂಟಿನಿಂದ ಮೊಬೈಲು ತೆಗೆದು ಮೊಮ್ಮಗನಿಗೆ ಹಚ್ಚಿದಳು. “ಬಾಳೇಶಾ, ನಿನ್ನ ಎಂಬಿಎ ಸಾಕ ಮಾಡು. ನಾಳಿಂದ ಚಕ್ಕಡಿ ಹೊಡಿಯೂದ ಕಲಿ.”

ಬಸ್ಸಿನಲ್ಲಿ ಯಾರೂ ನಗಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಇಬ್ಬರು ಪದವೀಧರರು ಮುಂದಕ್ಕೆ ಬಾಗಿ, ಸಂಘದವರು ಇನ್ನೊಂದು ಜೋಡಿ ಯಾವಾಗ ತಗೋತಾರೆ ಎಂದು ದಾಕ್ಷಾಯಿಣಿಯನ್ನು ಕೇಳಿದರು.