ಕರೂರಿಗೆ ಬಂದ ಆಲ್ಟೆನ್‌ಬಾಕ್ ದೊರೆ

ನನ್ನ ಹಳೆಯ ಡೈರಿಯಲ್ಲಿ ಫೆಬ್ರುವರಿ ೧೨, ಸೋಮವಾರದ ಪುಟದಲ್ಲಿ ಹೀಗಿದೆ: ‘ಬೆಳಿಗ್ಗೆ ಹತ್ತಕ್ಕೆ ಜರ್ಮನಿಯ ಆಲ್ಟೆನ್‌ಬಾಕ್ ದೊರೆಗಳು ನಮ್ಮ ಮನೆಗೆ ದಯಮಾಡಿಸಿದರು.’ ಇಂಥ ಪ್ರಸಂಗಗಳು ಓದು ಬರಹ ಇಲ್ಲದವರ ಮನೆಯಲ್ಲಿ ನಡೆಯುತ್ತವೆ ಎಂದು ಜನ ತಿಳಿದಿದ್ದಾರೆ. ನಾನು ಇತಿಹಾಸದಲ್ಲಿ ಬಿ.ಎ. ಮಾಡಿದವಳು. ನಮ್ಮ ಮನೆಯಲ್ಲಿ ಅವು ಓದಿನಿಂದಲೇ ನಡೆಯುತ್ತವೆ.

೧. ನಾಲ್ಕು ಪುಟ

ಕರೂರು ಕೈಗಾರಿಕಾ ಪ್ರದೇಶದಲ್ಲಿ ನನ್ನ ಮಗನದೊಂದು ಸಣ್ಣ ಕಾರ್ಖಾನೆ ಇದೆ. ಟ್ರ್ಯಾಕ್ಟರ್ ಗೇರ್ ಮಾಡಲು ಜರ್ಮನಿಯಿಂದ ಮಷಿನ್ ತರಿಸಿದ್ದ. ಅದನ್ನು ಕೂರಿಸಿ ಚಾಲೂ ಮಾಡಿಕೊಡಲು ಅಲ್ಲಿಂದಲೇ ಒಬ್ಬರು ಬರುವವರಿದ್ದರು. ಶನಿವಾರದೊಳಗೆ ಮಾದರಿ ಗೇರುಗಳು ಹರಿಹರದ ಗಿರಾಕಿಯ ಕೈ ಸೇರಿದರೆ ದೊಡ್ಡ ಆರ್ಡರ್. ಆರ್ಡರ್ ಬಂದರೆ ಎರಡನೇ ಪಾಳಿ. ಎರಡನೇ ಪಾಳಿ ಶುರುವಾದರೆ ಐಟಿಐ ಮುಗಿಸಿ ಮನೆಯಲ್ಲಿ ಕೂತಿದ್ದ ನಮ್ಮ ಫೋರ್‌ಮನ್ ಮಗಳಿಗೆ ಕೆಲಸ. ಅವಳಿಗೆ ಮಾತು ಕೊಟ್ಟವಳು ನಾನೇ.

ಫೋರ್‌ಮನ್ನನ ಅಡ್ಡಹೆಸರೂ ನಮ್ಮದೂ ಒಂದೇ, ಮಲೆಬೆನ್ನೂರು. ನಮ್ಮದು ಆ ಊರಿನ ಗೌಡಿಕೆ ಮನೆತನ. ಅವನ ತಾತ ಅಲ್ಲಿ ಕುಲುಮೆ ಹಾಕಿಕೊಂಡಿದ್ದವನು. ಸಂಬಂಧವೇನು ಎಂದು ಕೇಳಿದವರಿಗೆಲ್ಲ ಇಪ್ಪತ್ತು ವರ್ಷದಿಂದ ‘ಅವರು ಬೇರೆ, ನಾವು ಬೇರೆ’ ಎಂದು ಹೇಳುತ್ತ ಬಂದಿದ್ದೆ.

ಬರುವವರ ಅಡ್ಡಹೆಸರು ಆಲ್ಟೆನ್‌ಬಾಕ್ ಎಂದು ತಿಳಿದ ಕೂಡಲೇ ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಆ ಹೆಸರಿನಲ್ಲಿ ಎರಡು ಪ್ರಭು ವಂಶಗಳು, ಒಬ್ಬ ಸೇನಾಪತಿ, ಒಬ್ಬ ಬಿಷಪ್, ಒಬ್ಬ ಸಸ್ಯಶಾಸ್ತ್ರಜ್ಞ, ಪಿಯಾನೋ ನುಡಿಸುವ ಒಬ್ಬಾಕೆ. ನಾಲ್ಕು ಪುಟ ಬರೆದುಕೊಂಡೆ. ಅಲ್ಲಿಯ ಪ್ರಭುಗಳ ಹೆಸರಿನ ಮುಂದೆ ಇರಬೇಕಾದ ‘ಫಾನ್’ ಎಂಬ ಚಿಕ್ಕ ಪದ ಇವರು ಬಂದ ಮೇಲೆ ಕೊಟ್ಟ ಕಾರ್ಡಿನಲ್ಲಿ ಇರಲಿಲ್ಲ. ದೊಡ್ಡವರು ತೋರಿಸಿಕೊಳ್ಳುವುದಿಲ್ಲ ಎಂದುಕೊಂಡೆ.

ದೊರೆಯನ್ನು ನೋಡಲು ಆನೆಕೊಂಡದಿಂದ ನಾದಿನಿ ಬಂದಳು.

“ರಾಜ ಅಂದ್ರಿ ಅತ್ತಿಗೆ, ಕಾಲಲ್ಲಿ ಹವಾಯಿ ಚಪ್ಪಲಿ ಅದಾವಲ್ಲ?”

“ನೆಲ ತಂಪು ಅಂತ ನಾನೇ ಕೊಟ್ಟಿದ್ದು ಕಣೇ.”

“ಹಂಗಾದ್ರೆ ಕಿರೀಟಾನೂ ನೀವೇ ಕೊಟ್ಟುಬಿಡ್ರಿ.”

೨. ಬೆತ್ತದ ಕುರ್ಚಿ

ಮಗ ಆ ವಾರ ಪುಣೆಗೆ ಹೋಗಿದ್ದ. ಕಾರ್ಖಾನೆ ನನ್ನ ಸುಪರ್ದಿನಲ್ಲಿತ್ತು. ಮನೆಯ ಬೆತ್ತದ ಕುರ್ಚಿಯನ್ನು ಮಷಿನ್ ಎದುರು ಹಾಕಿಸಿ, ದೊರೆಗಳ ಕೈ ಮಸಿಯಾಗಕೂಡದು ಎಂದು ಎಲ್ಲರಿಗೂ ತಾಕೀತು ಮಾಡಿದೆ. ಅವರು ಬಗ್ಗಿದರೆ ನಾಲ್ಕು ಜನ ಓಡಿಬಂದು ಎಬ್ಬಿಸಿ ಕೂರಿಸುತ್ತಿದ್ದರು. “ನೀವು ಬ್ಯಾಡ್ರಿ ದೊರೆ, ಕೂಡ್ರಿ!” ಅವರು ಏನೋ ಹೇಳಲು ಬಾಯಿ ತೆರೆದರೆ ನಾನು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಂದಿಡುತ್ತಿದ್ದೆ.

ಗುರುವಾರ ಫೋರ್‌ಮನ್ ಬಂದು ನಿಂತ.

“ಅಮ್ಮಾರೆ, ಇನ್ನೆರಡು ದಿನ ಐತೆ. ದೊರೆ ಕುಂತೇ ಅದಾರೆ.”

“ಅವರ ವಂಶದಲ್ಲಿ ಸೇನಾಪತಿ ಇದ್ದರಪ್ಪ.”

“ಇರ್ಲಿ ಬಿಡ್ರಿ. ಆ ಸೇನಾಪತಿ ಬಂದು ಬೋಲ್ಟ್ ಬಿಗಿ ಮಾಡ್ತಾರೇನ್ರಿ?”

೩. ಸನ್ಮಾನ

ಶುಕ್ರವಾರ ಸಂಜೆ ಮನೆಯಂಗಳದಲ್ಲಿ ಸನ್ಮಾನ ಇಟ್ಟುಕೊಂಡೆ. ಬಂಧು ಬಳಗದವರ ಎದುರು ರೇಷ್ಮೆ ಶಾಲು ಹೊದಿಸಿ, ನಾಲ್ಕು ಪುಟವನ್ನೂ ಓದಿದೆ. ಹಾರ ಹಾಕಿಕೊಂಡೇ ಅವರು ಎದ್ದು ನಿಂತು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನೇ ಕನ್ನಡ ಮಾಡಬೇಕಾಯಿತು.

“ಆಲ್ಟೆನ್‌ಬಾಕ್ ಎಂಬುದು ಒಂದು ಊರು. ಅದನ್ನು ಆಳಿದವರೂ ಆ ಹೆಸರು ಇಟ್ಟುಕೊಂಡರು, ಬಿಟ್ಟುಹೋದವರೂ ಇಟ್ಟುಕೊಂಡರು. ನನ್ನ ಮುತ್ತಾತ ಕುದುರೆಗೆ ಲಾಳ ಹೊಡೆಯುತ್ತಿದ್ದ. ನಾನು ಫಿಟ್ಟರ್. ಐದು ದಿನದಿಂದ ಸ್ಪ್ಯಾನರ್ ಕೇಳುತ್ತಿದ್ದೇನೆ, ನೀವು ಬಜ್ಜಿ ಕೊಡುತ್ತಿದ್ದೀರಿ.”

ಹಿಂದೆ ನಿಂತಿದ್ದ ಫೋರ್‌ಮನ್ ಮುಂದೆ ಬಂದು ಅವರ ಕೈ ಹಿಡಿದುಕೊಂಡ.

“ಅಮ್ಮಾರೆ, ಹಂಗಾರೆ ಇವ್ರು ನಿಮ್ಮ ಕಡೇರಲ್ಲ, ನಮ್ಮ ಕಡೇರು. ಕರ್ಕಂಡು ಹೋಗ್ತೀನಿ.”

ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕರೂರಿಗೆ ಹೊರಟೇಬಿಟ್ಟ. ಮರುದಿನ ಹೋಗಿ ನೋಡಿದರೆ ಬೆತ್ತದ ಕುರ್ಚಿಯ ಮೇಲೆ ಕೂತಿದ್ದದ್ದು ಹಾರ ಮಾತ್ರ. ಮನುಷ್ಯ ಬನಿಯನ್ ಹಾಕಿಕೊಂಡು ಮಷಿನ್ ಕೆಳಗೆ ಮಲಗಿದ್ದ. ಬೆನ್ನಿನಡಿ ನನ್ನ ರೇಷ್ಮೆ ಶಾಲು.

೪. ನಮ್ಮವಳೇ

ಮೊದಲ ಗೇರ್ ಹೊರಬಂದದ್ದು ಭಾನುವಾರ ಮಧ್ಯಾಹ್ನ. ಶನಿವಾರವೇ ಆ ಆರ್ಡರ್ ಹರಿಹರದ ಇನ್ನೊಂದು ಕಾರ್ಖಾನೆಗೆ ಹೋಗಿತ್ತು. ಫೋರ್‌ಮನ್ ಆ ಗೇರನ್ನು ಒರೆಸಿ ನನ್ನ ಕೈಯಲ್ಲಿಟ್ಟು ಮನೆಗೆ ಹೋದ. ಬೈದಿದ್ದರೆ ಚೆನ್ನಾಗಿತ್ತು.

ತಿಂಗಳ ಮೇಲೆ ಆ ಹರಿಹರದ ಕಾರ್ಖಾನೆಯ ಮಾಲೀಕರು ಫೋನ್ ಮಾಡಿದರು.

“ಅಮ್ಮಾರೆ, ಇವತ್ತು ನಮ್ಮಲ್ಲಿ ಹುಡುಗಿಯೊಬ್ಬಳು ಕೆಲಸಕ್ಕೆ ಸೇರ್ಯಾಳೆ. ಐಟಿಐ ಓದ್ಯಾಳೆ. ಮಲೆಬೆನ್ನೂರು ಅಂತ ಅಡ್ಡಹೆಸರು. ನಿಮ್ಮ ಪೈಕಿ ಏನ್ರಿ?”

ಇಪ್ಪತ್ತು ವರ್ಷದ ಉತ್ತರ ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ.

“ಹೌದ್ರಿ. ನಮ್ಮವಳೇ.”

“ಅಯ್ಯೋ, ಮೊದಲೇ ಹೇಳಬಾರದೇನ್ರಿ! ಗೌಡ್ರ ಮನೆ ಹುಡುಗಿ ಮಷಿನ್ ಮುಟ್ಟಾದು ಚಂದ ಅಲ್ಲ. ಆಫೀಸ್ನಾಗೆ ಒಳ್ಳೆ ಕುರ್ಚಿ ಹಾಕಿಸ್ತೀನಿ.”

“ಕುರ್ಚಿ ಬ್ಯಾಡ್ರಿ!” ಎಂದು ನಾನು ಕೂಗಿದ್ದು ಬೀದಿಗೆಲ್ಲ ಕೇಳಿಸಿತಂತೆ. “ನಿಮ್ಮ ಕಾಲಿಗೆ ಬೀಳ್ತೀನಿ, ಮೊದಲು ಅವಳ ಕೈಗೆ ಸ್ಪ್ಯಾನರ್ ಕೊಡ್ರಿ!”

ಡೈರಿಯ ಆ ಪುಟದ ಕೆಳಗೆ ಆಮೇಲೆ ಬರೆದಿಟ್ಟಿದ್ದೇನೆ. ಹೋದದ್ದು: ಒಂದು ಆರ್ಡರ್, ಎರಡನೇ ಪಾಳಿ, ಒಂದು ರೇಷ್ಮೆ ಶಾಲು, ಮತ್ತು ಒಬ್ಬ ಹುಡುಗಿಗೆ ನಾನು ಕೊಟ್ಟಿದ್ದ ಮಾತು.